ಕಿಟಕಿ ಕಡೆಯವರು

ಟೀಚರ್ ಹಲಗೆಯ ಮೇಲೆ ಆ ದಿನದ ಚರ್ಚೆಯ ವಿಷಯ ಬರೆದು ಮುಗಿಸುವಷ್ಟರಲ್ಲಿ ಟೈಲರಮ್ಮ ತೆರೆದಿದ್ದ ನೋಟುಪುಸ್ತಕ ಮುಚ್ಚಿಬಿಟ್ಟಳು. ಮಕ್ಕಳು ತಮ್ಮ ಸಂಗಾತಿಯನ್ನು ತಾವೇ ಆರಿಸಿಕೊಳ್ಳುವುದು ಸರಿಯೇ? ಕಿಟಕಿ ಕಡೆ ಕೂತವರು ಸರಿ ಎಂದು ವಾದಿಸಬೇಕು, ಗೋಡೆ ಕಡೆಯವರು ತಪ್ಪು ಎನ್ನಬೇಕು. ಮನಸ್ಸಿನಲ್ಲಿ ಏನೇ ಇರಲಿ, ಕೂತ ಕುರ್ಚಿಯ ಪರವಾಗಿಯೇ ಮಾತು. ಆ ಸಂಜೆಯ ಇಂಗ್ಲಿಷ್ ತರಗತಿಯ ಕಟ್ಟಳೆಯೇ ಹಾಗೆ. ಟೈಲರಮ್ಮ ಗಾಳಿ ಬರಲೆಂದು ಕಿಟಕಿ ಪಕ್ಕ ಕೂತು ಸಿಕ್ಕಿಬಿದ್ದಿದ್ದಳು.

ಹೋದ ವಾರ ಪ್ಲಾಸ್ಟಿಕ್, ಅದರ ಹಿಂದಿನ ವಾರ ಮೊಬೈಲು. ಯಾರ ಮನೆಯೂ ಮುರಿಯದ ವಿಷಯಗಳು. ಇವತ್ತೇ ಇದು ಬರಬೇಕೆ?

ಗಿರಾಕಿಗಳ ಜೊತೆ ಮಾತಾಡಲು ಕಲಿಯುತ್ತೇನೆ ಎಂದು ಸೇರುವಾಗ ಹೇಳಿದ್ದಳು. ಅಪ್ಪಟ ಸುಳ್ಳು. ಮಗಳು ಬೇರೆ ಭಾಷೆಯವನ ಕೈಹಿಡಿದು ಹೋಗಿ ನಾಲ್ಕು ವರ್ಷವಾಗಿತ್ತು. ಈ ಹೊಸಿಲು ತುಳಿಯಬೇಡ ಎಂದು ಇವಳು ಅಂದಿದ್ದಳು. ಹಠದಲ್ಲಿ ತಾಯಿಯನ್ನೇ ಹೋಲುವ ಮಗಳು, ತುಳಿಯಲೇ ಇಲ್ಲ. ಮೊಮ್ಮಗನಿಗೆ ಮೂರು ತುಂಬಿದೆ, ಆ ಮನೆಯಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲೇ ಎಂದು ಮಗಳ ಗೆಳತಿಯೊಬ್ಬಳು ಸುದ್ದಿ ತಂದಿದ್ದಳು. ಕಣ್ಣಿಂದ ನೋಡದ ಆ ಕೂಸಿಗೆ ವರ್ಷಕ್ಕೊಂದರಂತೆ ಅಂದಾಜಿನ ಅಳತೆಯಲ್ಲಿ ಹೊಲಿದ ಮೂರು ಅಂಗಿಗಳು ಮಿಷನ್ನಿನ ಡ್ರಾದಲ್ಲಿ ಮಡಚಿ ಕೂತಿದ್ದವು.

ಗೋಡೆ ಕಡೆಯಿಂದ ಎದ್ದವರು ಬಸ್ಸಿನ ಕೆಲಸದಿಂದ ನಿವೃತ್ತರಾದ ಡ್ರೈವರಣ್ಣ. ಹರೆಯದವರಿಗೆ ದಾರಿ ಗೊತ್ತಿರುವುದಿಲ್ಲ, ಸ್ಟೇರಿಂಗ್ ಹಿರಿಯರ ಕೈಯಲ್ಲೇ ಇರಬೇಕು ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲೇ ಗತ್ತಿನಿಂದ ಹೇಳಿದರು. ಟೈಲರಮ್ಮ ಎದ್ದು ನಿಂತಳು. ಅವಳ ಇಂಗ್ಲಿಷ್ ಅದಕ್ಕಿಂತ ಮುರುಕು.

"ಸ್ಟೇರಿಂಗ್ ನಿಮ್ಮದೇ ಅಣ್ಣಾ. ಆದ್ರೆ ಎಲ್ಲಿ ಇಳೀಬೇಕು ಅಂತ ಹೇಳೋರು ಯಾರು? ನೀವಾ, ಟಿಕೆಟ್ ತಗೊಂಡೋರಾ?"

ತರಗತಿ ಗೊಳ್ಳೆಂದಿತು. ಆಡಿದವಳಿಗೇ ಆಶ್ಚರ್ಯ, ಈ ಮಾತು ನನ್ನೊಳಗೆ ಎಲ್ಲಿತ್ತು ಎಂದು. ಡ್ರೈವರಣ್ಣ ಸುಮ್ಮನೆ ಬಿಡುವವರ ಪೈಕಿಯಲ್ಲ. ಇಪ್ಪತ್ತು ವರ್ಷ ಸಾಕಿದ ತಾಯಿಗೆ ಬೇಡ ಅನ್ನುವ ಹಕ್ಕೂ ಇಲ್ಲವೇ ಎಂದು ಕೇಳಿದರು. ಅದು ಟೈಲರಮ್ಮನದೇ ಮಾತು. ಮಗಳ ಮುಂದೆ ಹೀಗೆಯೇ ಕೇಳಿದ್ದಳು.

ತನ್ನ ಭಾಷೆಯಲ್ಲಾಗಿದ್ದರೆ ಮಾನ, ಮರ್ಯಾದೆ, ನಾಲ್ಕು ಜನ, ಬಂಧುಬಳಗ ಎಂದು ಸುತ್ತಿ ಬಳಸಿ ಹೇಗೋ ಪಾರಾಗುತ್ತಿದ್ದಳು. ಈ ನಾಲ್ಕು ವರ್ಷ ಪಾರಾಗಿದ್ದೇ ಹಾಗೆ. ಇಂಗ್ಲಿಷಿನಲ್ಲಿ ಅವಳಿಗೆ ಬರುತ್ತಿದ್ದದ್ದು ಮಕ್ಕಳ ಪುಸ್ತಕದ ಸಣ್ಣ ಸಣ್ಣ ಮಾತು ಮಾತ್ರ. ಅವನ್ನೇ ಒಂದೊಂದಾಗಿ ಹೆಕ್ಕಿ ಹೇಳಿದಳು.

"ಮಗಳು ಕೇಳಿದಳು. ತಾಯಿ ಬೇಡ ಅಂದಳು. ಮಗಳು ಹೋದಳು. ಹುಡುಗ ಒಳ್ಳೆಯವನು. ತಾಯಿಗೆ ಅದು ಗೊತ್ತು. ತಾಯಿಗೆ ಮಗಳು ಬೇಕು."

ಯಾರೂ ನಗಲಿಲ್ಲ. ಡ್ರೈವರಣ್ಣ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೂತುಬಿಟ್ಟರು. ಟೀಚರ್ ಗಡಿಯಾರ ನೋಡಿ, ಅರ್ಧ ಸಮಯ ಮುಗಿಯಿತು, ಜಾಗ ಬದಲಿಸಿ ಎಂದಳು. ಅದೂ ಕಟ್ಟಳೆಯೇ. ಈಗ ಕಿಟಕಿಯವರು ಗೋಡೆ ಕಡೆ ಹೋಗಿ, ಇಷ್ಟು ಹೊತ್ತು ಎದುರಿನವರು ಆಡಿದ್ದನ್ನು ತಾವು ಆಡಬೇಕು. ಕುರ್ಚಿಗಳು ಸದ್ದು ಮಾಡಿದವು, ಚೀಲಗಳು ಆಚೀಚೆಯಾದವು. ಟೈಲರಮ್ಮ ಮಾತ್ರ ಕೂತಲ್ಲೇ ಕೂತಿದ್ದಳು.

ಟೀಚರ್ ಹತ್ತಿರ ಬಂದಳು. ಅವಳಿಗೂ ಹೆಚ್ಚು ಕಡಿಮೆ ಮಗಳದೇ ವಯಸ್ಸು. ಇಂಗ್ಲಿಷಿನಲ್ಲೇ ಮಾತಾಡಬೇಕು ಎನ್ನುವ ತನ್ನದೇ ನಿಯಮ ಬಿಟ್ಟು, ಬಗ್ಗಿ ಮೆಲ್ಲಗೆ ಕೇಳಿದಳು. "ಏನಾಯ್ತಮ್ಮಾ? ಆ ಕಡೆ ಹೋಗಲ್ವಾ?"

"ಆ ಕಡೆ ಮಾತು ನಾಲ್ಕು ವರ್ಷದಿಂದ ಆಡ್ತಾನೇ ಇದ್ದೀನಿ ಟೀಚರ್," ಎಂದಳು ಟೈಲರಮ್ಮ. "ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀನಿ, ಬಿಡಿ."