ಹುಳದ ಮನೆಯ ಜಗಲಿ

ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ಕಣ್ಮುಂದೆ ನಿಲ್ಲುತ್ತದೆ.

ಮೈಸೂರಿನಿಂದ ತಿರುಪತಿಗೆ ಸೈಕಲ್ಲಿನಲ್ಲಿ ಹೊರಟಿದ್ದ ಗಂಡಹೆಂಡತಿಗೆ ಶಿಡ್ಲಘಟ್ಟದಾಚೆ ನಮ್ಮ ಮನೆಯೆದುರೇ ಲಾರಿ ತಗುಲಿ, ನಿಲ್ಲದೆ ಹೋಯಿತು. ಗಂಡನ ಕಾಲು ಮುರಿದು ಮೈಯೆಲ್ಲ ರಕ್ತವಾಗಿತ್ತು. ಮನೆಯಲ್ಲಿದ್ದದ್ದು ಅಜ್ಜಿ, ನಾನು ಇಬ್ಬರೇ.

"ಒಳಗೆ ಮಲಗಿಸ್ಲಾ ಅಮ್ಮಾ?" ಎಂದಳು ಹೆಂಡತಿ.

"ರೇಷ್ಮೆಹುಳ ಇದಾವೆ ಕಣಮ್ಮ, ಇನ್ನೆರಡು ದಿನಕ್ಕೆ ಗೂಡು ಕಟ್ತವೆ. ಹೊರಗಿನೋರು ಕಾಲಿಟ್ರೆ ಉಳಿಯಲ್ಲ," ಎಂದ ಅಜ್ಜಿ, ಜಗಲಿಯಲ್ಲೇ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ರಕ್ತ ಒರೆಸತೊಡಗಿದಳು.

ಅವನನ್ನು ಆಸ್ಪತ್ರೆಗೆ ಒಯ್ಯಲು ಬಸ್ಸು ಬರುವುದು ಸಂಜೆಗೆ. ಅಷ್ಟರಲ್ಲಿ ಒಳಗೆ ಹುಳಗಳು ಮೇಯುವ ಚರಚರ ಸದ್ದು ನಿಂತಿತು, ಸೊಪ್ಪು ಮುಗಿದಿತ್ತು. ರಕ್ತ ಮುಟ್ಟಿದವರು ಹುಳದ ಬಳಿ ಸುಳಿಯುವಂತಿರಲಿಲ್ಲ.

"ನೀನಾದ್ರೂ ಹೋಗಿ ಸೊಪ್ಪು ಹಾಕು," ಎಂದಳು ಅಜ್ಜಿ.

ಅವನ ಕೈ ಹಿಡಿದು ಕೂತಿದ್ದ ನಾನು ಕೆಂಪು ಅಂಗೈ ಬಿಚ್ಚಿ ತೋರಿಸಿದೆ.