ತಾನಾಗಿ ಸತ್ತ ನಕ್ಷತ್ರ

ವಿಚಿತ್ರವಾಗಿ ಸಿಡಿಯುವ ನಕ್ಷತ್ರಗಳಲ್ಲಿ ಹೆಚ್ಚಿನವನ್ನು ಅಲ್ಲಿ ಬದುಕಿದ್ದವರೇ ಸಿಡಿಸಿಕೊಂಡಿರುತ್ತಾರೆ ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಇಂಥ ನಕ್ಷತ್ರಗಳ ಸಾವಿನ ಕಾರಣ ಹುಡುಕುವುದು ಚಳ್ಳಕೆರೆ ಬಯಲಿನ ರೇಡಿಯೋ ದೂರದರ್ಶಕದಲ್ಲಿ ಮಂದಾಕಿನಿಯ ಕೆಲಸ. ಅವರೇ ಮಾಡಿಕೊಂಡರು ಎಂದು ವರ್ಷಗಳಿಂದ ಹೇಳಿ ಹೇಳಿ ಆಕೆ ಸೋತುಹೋಗಿದ್ದಳು; ಸತ್ತವರ ಮೇಲೆ ಸಿಟ್ಟಷ್ಟೇ ಉಳಿದಿತ್ತು.

ಆ ಬೆಳಿಗ್ಗೆ ಚಹಾ ತಂದ ಕ್ಯಾಂಟೀನಿನ ಈರಮ್ಮ ಬಾಗಿಲಲ್ಲೇ ನಿಂತು ಕೇಳಿದಳು, “ಏನ್ ಮೇಡಮ್ಮಾ, ಇದೂ ಅವರೇ ಮಾಡ್ಕಂಡಿದ್ದಾ?”

“ಇನ್ನೇನಿರುತ್ತೆ,” ಎಂದು ಮಂದಾಕಿನಿ ಕಣ್ಣುಜ್ಜಿಕೊಂಡು ಪರದೆಯತ್ತ ತಿರುಗಿದಳು.

ಆದರೆ ಹೊಸದಾಗಿ ಸಿಡಿದ ಆ ನಕ್ಷತ್ರದಿಂದ ಬಂದ ರೇಡಿಯೋ ಅಲೆಗಳು ಬೇರೆಯೇ ಕಥೆ ಹೇಳುತ್ತಿದ್ದವು. ಸಿಡಿಯುವುದಕ್ಕೆ ಮೊದಲು ಅದು ಶತಮಾನಗಳ ಕಾಲ ತನ್ನ ಜೊತೆಗಾರ ನಕ್ಷತ್ರವನ್ನು ನುಂಗುತ್ತ, ಸುತ್ತಲೂ ಅನಿಲ ಉಗುಳಿತ್ತು. ಸ್ಫೋಟದ ಅಲೆ ಈಗ ಆ ಅನಿಲಕ್ಕೆ ಬಡಿಯುತ್ತಿತ್ತು. ನುಂಗಿದ್ದು ಹೆಚ್ಚಾಗಿ ನಕ್ಷತ್ರ ತಾನೇ ಸಿಡಿದಿತ್ತು; ಯಾರ ಕೈವಾಡವೂ ಇರಲಿಲ್ಲ. ನಂಬಿಕೆ ಬಾರದೆ ಆಕೆ ಮತ್ತೆ ಲೆಕ್ಕ ಹಾಕಿದಳು.

“ಈರಮ್ಮಾ, ಇದು ತಾನಾಗೇ ಸತ್ತಿದ್ದು.”

“ಹಂಗಾರೆ ಅಲ್ಲಿ ಯಾರೂ ಇರ್ನಿಲ್ವಾ?”

“ಇದ್ರೋ ಏನೋ. ಇದ್ದಿದ್ರೂ ಪಾಪ, ಅವರ ತಪ್ಪಲ್ಲ.”

ಈರಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಎಂದೂ ಕಾಣದ ಆ ಜನರಿಗಾಗಿ, ಎಷ್ಟೋ ವರ್ಷಗಳ ಮೇಲೆ, ಮಂದಾಕಿನಿ ಸಿಟ್ಟಿಲ್ಲದೆ ಅತ್ತಳು.