ತಾಳಿ ಮಾರಿದ ಸಾಕ್ಷಿ

ಕುಡಿತಕ್ಕಾಗಿ ಹೆಂಡತಿಯ ತಾಳಿ ಮಾರಿದ್ದೆ, ಅಂಥ ನನ್ನನ್ನೂ ಯೇಸು ಕೈಬಿಡಲಿಲ್ಲ ಎಂದು ಪಾಸ್ಟರ್ ಸುಕುಮಾರ ಹತ್ತು ವರ್ಷಗಳಿಂದ ಊರೂರಲ್ಲಿ ಸಾಕ್ಷಿ ಹೇಳುತ್ತಿದ್ದರು. ನಿಜಕ್ಕೂ ಅವರು ಹೆಂಡ ಮುಟ್ಟಿದವರೇ ಅಲ್ಲ. ಜನ ಅಳುವಾಗ ಅವರು ತಲೆ ತಗ್ಗಿಸುತ್ತಿದ್ದರು; ನೋಡಿದವರು ಅದನ್ನು ಭಕ್ತಿ ಎಂದುಕೊಳ್ಳುತ್ತಿದ್ದರು.

ಆ ಸಾಕ್ಷಿ ಕೇಳಿಯೇ ಗಾರೆ ಕೆಲಸದ ಚಿಕ್ಕಣ್ಣ ಸಭೆಗೆ ಸೇರಿದ್ದ. ಇವತ್ತು ಅವನ ದೀಕ್ಷಾಸ್ನಾನ. ಅದಕ್ಕೂ ಮೊದಲು ಎಲ್ಲರೆದುರು ಅವನೂ ಸಾಕ್ಷಿ ಹೇಳಬೇಕು.

"ಏನ್ ಹೇಳ್ಲಿ ಅಯ್ಯನೋರೇ?"

"ನಡೆದದ್ದನ್ನೇ ಹೇಳಪ್ಪ."

"ನಂದೇನೈತೆ? ಬೀಡಿ ಸೇದ್ತಿದ್ದೆ, ಹೆಂಡ್ತಿ ಮೇಲೆ ರೇಗ್ತಿದ್ದೆ. ಅದನ್ನ ಕೇಳಿ ಯಾರು ಅಳ್ತಾರೆ? ನಿಮ್ದಾದ್ರೆ ಕಲ್ಲೂ ಕರಗ್ತೈತೆ."

ನನ್ನದು ಸುಳ್ಳು ಕಣಪ್ಪ ಎಂಬ ಮಾತು ಪಾಸ್ಟರ ಗಂಟಲವರೆಗೆ ಬಂತು. ಅಷ್ಟರಲ್ಲಿ ಹಾಡು ಮುಗಿದು ಚಿಕ್ಕಣ್ಣನ ಹೆಸರು ಕೂಗಿದರು. ಪಾಸ್ಟರು ಆ ಮಾತನ್ನು ನುಂಗಿಕೊಂಡರು.

ಚಿಕ್ಕಣ್ಣ ಮೈಕ್ ಹಿಡಿದು ಕಣ್ಣು ಮುಚ್ಚಿದ. "ಕುಡಿಯಾಕೆ ಅಂತ ನಾನು ನನ್ನ ಹೆಂಡ್ತಿ ತಾಳೀನೇ ಮಾರ್ಬಿಟ್ಟೆ..."

ಸಭೆಯಲ್ಲಿ ಯಾರೋ ಬಿಕ್ಕಿದರು. ಮುಂದಿನ ಸಾಲಿನಲ್ಲಿದ್ದ ಅವನ ಹೆಂಡತಿ ತನ್ನ ಕೊರಳಲ್ಲಿದ್ದ ತಾಳಿಯನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಗಂಡನನ್ನು ಬಿಟ್ಟು ಪಾಸ್ಟರನ್ನೇ ದಿಟ್ಟಿಸಿದಳು.